ಗೆಳೆಯನಿಗೊಂದು ಪತ್ರ: ಹಳೆ ಪುರಸಭೆ ಕಟ್ಟಡದಲ್ಲಿ ಮನೆ, ರಂಗಮಂದಿರ

ಗೆಳೆಯಾ,

ನಿನ್ನ ನಕ್ಷೆ ಬಂತು. ಕೆಳಗೆ ಅಂಗಡಿಗಳು, ಮೇಲಿನ ಸಭಾಂಗಣದಲ್ಲಿ ರಂಗಮಂದಿರ, ಎರಡು ರೆಕ್ಕೆಗಳಲ್ಲಿ ಮನೆಗಳು, ತಾರಸಿಯ ನಡುಮಧ್ಯೆ ನೀರಿನ ಟ್ಯಾಂಕು. ನೋಡಲು ಚೆನ್ನಾಗಿದೆ, ಆದರೆ ಹಾಗೆ ಕಟ್ಟಬೇಡ. ರಂಗಮಂದಿರ ಕೆಳಗೆ ಬರಬೇಕು, ಟ್ಯಾಂಕು ಹಳೆ ತಾರಸಿಯಿಂದ ಇಳಿಯಬೇಕು, ಬಚ್ಚಲುಗಳೆಲ್ಲ ಹಿಂಬದಿಗೆ ಹೋಗಬೇಕು.

ಮೊದಲು ಭಾರದ ಲೆಕ್ಕ. ಕಟ್ಟಡಗಳ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಮನೆಯ ನೆಲಕ್ಕೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಹಿಡಿಯಬೇಕು, ಅಂದರೆ ಸುಮಾರು 200 ಕಿಲೋ. ಕುರ್ಚಿಗಳನ್ನು ನೆಲಕ್ಕೆ ಜಡಿದ ಸಭಾಂಗಣಕ್ಕೆ 4, ಸರಿಸಬಹುದಾದ ಕುರ್ಚಿಗಳಾದರೆ 5. ನಿನ್ನ ಮಹಡಿಯ ನೆಲ ಮದ್ರಾಸ್ ತಾರಸಿ ಬಗೆಯದು: ಒಂದೂವರೆ ಅಡಿಗೊಂದು ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಗಾರೆ. ಪುರಸಭೆ ಇದ್ದಾಗ ಅಲ್ಲಿ ನಾಲ್ಕು ಮೇಜು, ಗುಮಾಸ್ತರು, ಗೋಡೆಗೆ ಒರಗಿದ ಕಡತದ ಬೀರು ಇದ್ದವು. ಮನೆಯ ಭಾರವನ್ನು ಹೇಗೋ ಹೊರಬಹುದು. ಜಾತ್ರೆಯಂತೆ ತುಂಬಿದ ಪ್ರೇಕ್ಷಕರ ಭಾರ ಬೇರೆಯೇ ಮಾತು. ಸಭಾಂಗಣ ಮೇಲೇ ಇರಲಿ ಎಂದು ಹಟ ಹಿಡಿದರೆ ಕೆಳಗಿಂದ ಉಕ್ಕಿನ ತೊಲೆ, ಕಂಬ ನಿಲ್ಲಿಸಬೇಕು. ಆಗ ನಿನ್ನ ಅಂಗಡಿಗಳ ನಡುವೆ ಕಂಬಗಳೇ ತುಂಬುತ್ತವೆ. ನೆಲಮಹಡಿಯಲ್ಲಾದರೆ ಭಾರ ನೇರ ಮಣ್ಣಿಗೆ.

ಭಾರ ಇಳಿಸುವ ಜಾಗವೂ ಇದೆ, ಮೇಲಿನ ತಾರಸಿಯಲ್ಲೇ. ಸೋರುತ್ತದೆ ಎಂದು ಆಮೇಲೆ ಯಾರೋ ತಾರಸಿಗೆ ಸಿಮೆಂಟು ಬಳಿದಿರುತ್ತಾರೆ, ಅದು ಬಿರಿದ ಮೇಲೆ ಇನ್ನೊಂದು ಪದರ. 50 ಮಿಲಿಮೀಟರ್ ದಪ್ಪದ ಪದರವೆಂದರೆ ಚದರ ಮೀಟರಿಗೆ ಸುಮಾರು 100 ಕಿಲೋ, ಒಂದು ಮನೆಗೆ ಹಿಡಿಯುವ ಭಾರದ ಅರ್ಧ. ಅದನ್ನು ಕಿತ್ತರೆ ಜಂತೆಗಳಿಗೆ ಎಷ್ಟು ಹಗುರ, ಲೆಕ್ಕ ಹಾಕು. ಕೀಳುವಾಗ ಮಾತ್ರ ಬ್ರೇಕರ್ ಯಂತ್ರ ಹತ್ತಿಸಬೇಡ, ಅದರ ಅದುರಿಗೆ ಕೆಳಗಿನ ಇಟ್ಟಿಗೆಗಳು ಸಡಿಲಾಗುತ್ತವೆ. ಉಳಿ, ಸುತ್ತಿಗೆ ಸಾಕು. ಕಿತ್ತ ಚಕ್ಕೆಯನ್ನು ತಾರಸಿಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕಲು ಬಿಡಬೇಡ, ಅಂದಂದೇ ಇಳಿಸು.

ಜಂತೆಗಳನ್ನು ನೋಡುವಾಗ ನಡುಭಾಗ ನೋಡಿ ಸಮಾಧಾನಪಡಬೇಡ. ಅವು ಕೊಳೆಯುವುದು ಗೋಡೆಯೊಳಗೆ ಹೂತ ತುದಿಗಳಲ್ಲಿ. ಅಲ್ಲಿ ಗಾಳಿ ಆಡುವುದಿಲ್ಲ, ಗೋಡೆಯ ತೇವ ಮರಕ್ಕೆ ಇಳಿಯುತ್ತದೆ, ಹಿಂದೆಯೇ ಗೆದ್ದಲು. ಪ್ರತಿಯೊಂದು ತುದಿಯನ್ನೂ ಸುತ್ತಿಗೆಯಿಂದ ತಟ್ಟು. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಸಂಶಯ ಬಂದಲ್ಲಿ ಸಣ್ಣ ಡ್ರಿಲ್ ಬಿಟ್ಟು ಹೊರಬರುವ ಪುಡಿ ನೋಡು. ಕಪ್ಪಗೆ, ಮೆತ್ತಗೆ, ಅಂಟಿಕೊಂಡು ಬಂದರೆ ತುದಿ ಹೋಗಿದೆ ಎಂದೇ ತಿಳಿ. ತೇವದ ಮಾಪಕ ಶೇಕಡಾ 20 ದಾಟಿದರೆ, ಇವತ್ತು ಗಟ್ಟಿ ಇರುವ ಮರವೂ ಹೆಚ್ಚು ಕಾಲ ಬಾಳುವುದಿಲ್ಲ. ಹಾಳಾದ ತುದಿ ಕತ್ತರಿಸುವ ಮೊದಲು ನೆಲದವರೆಗೆ ಮುಟ್ಟುವ ಊರೆ, ಅಂದರೆ ತಾತ್ಕಾಲಿಕ ಆಧಾರದ ಕಂಬ, ಕೊಡು. ಮೊದಲ ಮಹಡಿಯ ನೆಲದ ಮೇಲೇ ಊರೆ ನಿಲ್ಲಿಸಿದರೆ ಮೇಲಿನ ಕಾಯಿಲೆಯನ್ನು ಕೆಳಗಿನ ಜಂತೆಗೆ ಅಂಟಿಸಿದಂತೆ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಎರಡೂ ಬದಿಗೆ ಸತು ಲೇಪಿಸಿದ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿದು, ಗೋಡೆಯೊಳಗೆ ತುದಿಯ ಸುತ್ತ 15ರಿಂದ 20 ಮಿಲಿಮೀಟರ್ ಗಾಳಿಗೆ ಜಾಗ ಬಿಡು. ಮೇಸ್ತ್ರಿ ಆ ಸಂದಿಗೆ ಸಿಮೆಂಟು ತುರುಕಲು ಬರುತ್ತಾನೆ. ನಿಂತು ತಡೆ.

ಸಿಮೆಂಟಿನ ವಿಷಯ ಬಂತಲ್ಲ, ಗೋಡೆಗೂ ಅದೇ ಮಾತು. ಸುಣ್ಣದ ಗಾರೆಯ ಗೋಡೆ ನೆಲದಿಂದ ಎಳೆದ ತೇವವನ್ನು ಮೈಯಿಂದ ಬಿಟ್ಟುಕೊಳ್ಳುತ್ತದೆ. ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಒಳಗೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪು ಬಿಟ್ಟು ಗಿಲಾವು ಹಪ್ಪಳ ಹಪ್ಪಳವಾಗಿ ಉದುರುತ್ತದೆ. ಮನೆ ಕೊಂಡವರು ಆಗ ಬಿಲ್ಡರ್‌ನನ್ನು ಹುಡುಕುತ್ತಾರೆ. ಬಾಡಿಗೆ ಕೊಡುವ ಕಟ್ಟಡವಾದರೆ ನಿನ್ನನ್ನೇ. ಸುಣ್ಣವನ್ನು ಕೆಲವು ವಾರ ಮೊದಲೇ ನೆನೆಸಿಟ್ಟು ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದ ಗಿಲಾವೇ ಹಾಕಿಸು. ಒಣಗಲು ಸಮಯ ಬೇಕು, ಅದನ್ನು ಟೆಂಡರಿನಲ್ಲೇ ಬರೆ. ಇಲ್ಲದಿದ್ದರೆ ಗುತ್ತಿಗೆದಾರ ಬೇಗ ಮುಗಿಸಲು ಅದಕ್ಕೂ ಸಿಮೆಂಟು ಬೆರೆಸುತ್ತಾನೆ. ಇದಕ್ಕಿಂತ ಮೊದಲ ಕೆಲಸ ತಾರಸಿಯ ನೀರು. ಗೋಡೆಯೊಳಗೆ ಹುಗಿದ ಹಳೆ ಪೈಪುಗಳನ್ನೆಲ್ಲ ಮುಚ್ಚಿ ಹೊರಗಿಂದ ಹೊಸ ಪೈಪು ಇಳಿಸು.

ಬಚ್ಚಲು, ಶೌಚಾಲಯ, ಅಡುಗೆಮನೆಯ ಸಿಂಕು ಯಾವುದೂ ಜಂತೆಯ ಮೇಲೆ ಬೇಡ. ನೀರು ಹನಿಯುವುದು ನಿನಗೆ ಕಾಣುವ ಹೊತ್ತಿಗೆ ಮರ ಮುಗಿದಿರುತ್ತದೆ. ಕಟ್ಟಡದ ಹಿಂಬದಿಯಲ್ಲಿ ಕಾಂಕ್ರೀಟಿನ ಕಿರಿದಾದ ಹೊಸ ಭಾಗ ಕಟ್ಟಿ, ಬಚ್ಚಲುಗಳನ್ನು ಒಂದರ ಮೇಲೊಂದು ಜೋಡಿಸು. ಮೆಟ್ಟಿಲು, ಲಿಫ್ಟು, ಟ್ಯಾಂಕು ಎಲ್ಲ ಅದರಲ್ಲೇ. 5,000 ಲೀಟರಿನ ಟ್ಯಾಂಕೆಂದರೆ 5 ಟನ್, ಅದು ಹೊಸ ಕಂಬಗಳ ಮೇಲೇ ಕೂರಬೇಕು. ಲಿಫ್ಟಿನ ಗುಂಡಿ ಒಂದೂವರೆ ಮೀಟರ್ ಆಳ ಹೋಗುತ್ತದೆ, ಹಳೆ ಕಲ್ಲಿನ ಪಾಯ ಅಷ್ಟು ಆಳ ಇರುವುದು ಅಪರೂಪ. ಗೋಡೆಗೆ ಅಂಟಿಸಿ ಅಗೆದರೆ ಪಾಯದ ಅಡಿಯ ಮಣ್ಣು ಜಾರುತ್ತದೆ. ದೂರ ಸರಿಸು. ಸರಿಸಲು ಜಾಗವೇ ಇಲ್ಲವೆಂದರೆ ಒಂದೊಂದು ಮೀಟರ್ ತುಂಡಾಗಿ, ಒಂದು ಬಿಟ್ಟು ಒಂದು ಅಗೆದು, ತುಂಬಿ, ಮುಂದೆ ಹೋಗು. ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದು ಬಿಡು. ಎರಡೂ ಮಣ್ಣಿನಲ್ಲಿ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಬೆಸೆದರೆ ಬಿರುಕು ಬೀಳುವುದು ಹಳೆಯದಕ್ಕೆ.

ಕೆಲಸ ನಡೆಯುವಾಗಿನ ಅಪಾಯವೂ ಸಣ್ಣದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ. ಬಿರುಕುಗಳ ಮೇಲೆ, ಅವು ಬೆಳೆದರೆ ಒಡೆದು ತೋರಿಸುವ ಗಾಜಿನ ಚೂರು ಅಂಟಿಸಿ, ತಾರೀಕು ಬರೆದು, ಒಂದು ಪೂರ್ತಿ ಮಳೆಗಾಲ ನೋಡಿದ ಮೇಲೆಯೇ ವಿನ್ಯಾಸ ಅಂತಿಮ ಮಾಡು.

ರಂಗಮಂದಿರ, ಮನೆ ಎರಡನ್ನೂ ಒಂದೇ ಚಿಪ್ಪಿನಲ್ಲಿ ಇಟ್ಟ ದೊಡ್ಡ ಉದಾಹರಣೆ ವಿಯೆನ್ನಾದ ಗ್ಯಾಸೋಮೀಟರುಗಳು. 1896ರಿಂದ 1899ರ ನಡುವೆ ನಗರಕ್ಕೆ ಅನಿಲ ಕೂಡಿಡಲು ಕಟ್ಟಿದ ನಾಲ್ಕು ಇಟ್ಟಿಗೆ ಗೋಪುರಗಳು, ಒಂದೊಂದೂ ಸುಮಾರು 70 ಮೀಟರ್ ಎತ್ತರ, 60 ಮೀಟರ್ ಅಗಲ. 1984ರಲ್ಲಿ ಅವುಗಳ ಬಳಕೆ ನಿಂತಿತು. 1999ರಿಂದ 2001ರೊಳಗೆ ಗೋಡೆ ಉಳಿಸಿ, ಒಳಗೆ ಹೊಸ ಕಟ್ಟಡಗಳನ್ನು ಎಬ್ಬಿಸಿದರು. ಮೇಲೆ ಮನೆಗಳು, ನಡುವೆ ಕಚೇರಿ, ಕೆಳಗೆ ಅಂಗಡಿ. ಕೂಪ್ ಹಿಮ್ಮೆಲ್‌ಬ್ಲೌ ಎಂಬ ವಾಸ್ತುಶಿಲ್ಪ ಸಂಸ್ಥೆ ವಹಿಸಿಕೊಂಡ ಬಿ ಗೋಪುರದ ಬುಡದಲ್ಲಿ ಸಾವಿರಾರು ಜನರ ಸಂಗೀತ ಸಭಾಂಗಣ, ಮೇಲೆ ವಿದ್ಯಾರ್ಥಿ ನಿಲಯವೂ ಇದೆ. ವಾಸ್ತುಶಿಲ್ಪಿ ಹೋಲ್ಟ್ಸ್‌ಬೌವರ್ ಮಾಡಿದ ಡಿ ಗೋಪುರದ ಬುಡದಲ್ಲಿ ನಗರದ ದಾಖಲೆಗಳ ಭಂಡಾರ. ಕಡತಕ್ಕೆ ಬಿಸಿಲು ಬೇಡ, ಭಾರವೂ ಹೆಚ್ಚು, ಬುಡವೇ ಸರಿ. ಬೆಳಕಿನ ತಾಪತ್ರಯವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಿದ್ದಾರೆ: ಎ ಗೋಪುರದ ವಾಸ್ತುಶಿಲ್ಪಿ ಜ್ಯಾಂ ನುವೆಲ್ ಮನೆಗಳನ್ನು ತುಂಡು ತುಂಡಾಗಿ ನಿಲ್ಲಿಸಿ ಸಂದುಗಳಿಂದ ಬೆಳಕು ಬಿಟ್ಟರೆ, ಹೋಲ್ಟ್ಸ್‌ಬೌವರ್ ನಡುವಿನಿಂದ ಮೂರು ತೋಳು ಚಾಚಿ ಸಂದಿನಲ್ಲಿ ಅಂಗಳ ಬಿಟ್ಟರು. ಅಲ್ಲಿ ಸೋತದ್ದು ಅಂಗಡಿ ಸಾಲು. ಗಿರಾಕಿ ಬರದೆ ಖಾಲಿ ಬಿದ್ದವು, ಆ ಜಾಗಕ್ಕೆ ಆಮೇಲೆ ಸಂಗೀತ ಕಲಿಸುವ ಸಂಸ್ಥೆ ಬಂತು. ಹಾಗಾಗಿ ನಿನ್ನ ಲೆಕ್ಕಪತ್ರದಲ್ಲಿ ರಂಗಮಂದಿರದ ಖರ್ಚನ್ನು ಅಂಗಡಿ ಬಾಡಿಗೆಯ ತಲೆಗೆ ಕಟ್ಟಿರುವುದು ನನಗೆ ಒಪ್ಪಿಗೆಯಿಲ್ಲ.

ಶಬ್ದಕ್ಕೆ ಗೋಡೆಯ ದಪ್ಪವೊಂದೇ ಸಾಲದು. ತಮಟೆ, ಚೆಂಡೆಯ ಗುದ್ದು ಕಟ್ಟಡದ ಮೂಳೆಯಲ್ಲೇ ಹರಿದು ಮೇಲಿನ ಮಂಚಕ್ಕೆ ಮುಟ್ಟುತ್ತದೆ. ಸಭಾಂಗಣವನ್ನು ಪೆಟ್ಟಿಗೆಯೊಳಗಿನ ಪೆಟ್ಟಿಗೆಯಾಗಿ ಮಾಡು: ರಬ್ಬರ್ ಪದರದ ಮೇಲೆ ತೇಲುವ ನೆಲ, ಹಳೆ ಗೋಡೆಗೆ ತಾಗದ ಒಳಗೋಡೆ, ಮೇಲಿನ ಜಂತೆಗೆ ನೇತು ಹಾಕದ ಚಾವಣಿ. ಬಾಗಿಲು ಜೋಡಿ, ನಡುವೆ ಸಣ್ಣ ಹಜಾರ. ಒಂದೇ ಒಂದು ಎಸಿ ನಾಳ ಎರಡು ಪೆಟ್ಟಿಗೆಗೂ ತಾಗಿ ಹಾದರೂ ಖರ್ಚು ಮಾಡಿದ್ದೆಲ್ಲ ನೀರಿಗೆ. ಪ್ರೇಕ್ಷಕರ ಮೆಟ್ಟಿಲು, ಮನೆಯವರ ಮೆಟ್ಟಿಲು ಬೇರೆ ಬೇರೆ ಇರಲಿ. ಜನರೇಟರು, ಸೀನರಿ ಇಳಿಸುವ ಲಾರಿ ಮಲಗುವ ಕೋಣೆಗಳ ಕಡೆಯ ಬೀದಿಗೆ ಬೇಡ. ರಾತ್ರಿ ಎಷ್ಟು ಹೊತ್ತಿನವರೆಗೆ ಪ್ರದರ್ಶನ ಎಂಬುದನ್ನು ಮನೆಗಳ ಕರಾರಿನಲ್ಲೇ ಬರೆಸು, ಇಲ್ಲದಿದ್ದರೆ ಮೊದಲ ಯಕ್ಷಗಾನದ ಮರುದಿನವೇ ತಗಾದೆ ಶುರು.

ಉಪಯೋಗ ಬದಲಾವಣೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಅರ್ಜಿ ಹಾಕಬೇಕಾಗಬಹುದು. ವಲಯ ಯಾವುದೆಂದು ಪ್ರಾಧಿಕಾರದಲ್ಲಿ ಈಗಲೇ ವಿಚಾರಿಸು, ನಕ್ಷೆ ಮುಗಿದ ಮೇಲೆ ಅಲ್ಲ.

ಜಂತೆಯ ತುದಿಗಳಿಗೆ ನಂಬರ್ ಹಾಕಿ ಒಂದೊಂದರ ತೇವದ ಅಳತೆ, ಮೂರ್ನಾಲ್ಕು ಕಡೆ ಪಾಯ ಬಿಡಿಸಿ ನೋಡಿದ ಆಳ, ಇವೆರಡನ್ನು ಕಳಿಸು. ಹಿಂಬದಿಯ ಹೊಸ ಭಾಗದ ಅಗಲವನ್ನು ಅವನ್ನು ನೋಡಿಕೊಂಡು ಗೊತ್ತುಮಾಡೋಣ.

ನಿನ್ನ ಗೆಳೆಯ