ಬಲಗಡೆಯ ಹಗ್ಗ

ಪ್ರಿಯ ಗೆಳೆಯಾ,

ಮೊನ್ನೆ ಕೊಡವರ ಕಕ್ಕಡ ತಿಂಗಳ 18. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಬಾಯಿ, ಬೆರಳು ಎಲ್ಲವೂ ನೇರಳೆ ಬಣ್ಣ. ಆ ಬೆರಳುಗಳಲ್ಲೇ ದಬ್ಬಳ ಹಿಡಿದು ಜಗಲಿಯಲ್ಲಿ ಪಟ್ಟಿ ಹೊಲಿಯುತ್ತಾ ಕುಳಿತಿದ್ದೆ. ಅಮ್ಮ ಬಂದು ನೋಡಿ, "ಯಾವ ಕುದುರೆಗೆ ಜೀನು ಕಟ್ಟುತ್ತಿದ್ದೀಯ?" ಎಂದರು. ಕಯಾಕಿಗೆ, ಹುಟ್ಟು ಹಾಕುವ ಆ ಸಣ್ಣ ದೋಣಿಗೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಬರುತ್ತಾನಂತೆಯೇ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನೀನು. ಅದಕ್ಕೇ ಈ ಪತ್ರ. ಎಲ್ಲರ ಕಣ್ಣಿಗೂ ಬೀಳುವ ಕಡೆ ಬರೆಯುತ್ತಿದ್ದೇನೆ. ಕಾರಿನ ನೆತ್ತಿಯ ಮೇಲೆ ದೋಣಿ ಹೊತ್ತು ತಿರುಗುವ ಇನ್ನೂ ನಾಲ್ಕು ಜನರಿಗೆ ಇದರಿಂದ ಉಪಯೋಗವಾಗಲಿ ಎಂಬುದು ಒಂದು ಕಾರಣ. ನೀನು ಫೋನ್ ಎತ್ತುವುದು ಕಡಿಮೆಯಾಗಿದೆ ಎಂಬುದು ಇನ್ನೊಂದು.

ಮೊದಲು ನಾನು ಮಾಡಿದ್ದನ್ನು ತೋರಿಸುತ್ತೇನೆ, ನಿನಗೆ ಖಂಡಿತ ಇಷ್ಟವಾಗುತ್ತದೆ. ಕಯಾಕಿನ ಮೂತಿಯನ್ನು ಕಾರಿನ ಮುಂಭಾಗಕ್ಕೆ ಕಟ್ಟಲು ಜಾಗವೇ ಇಲ್ಲ ಎಂದು ಎಷ್ಟು ಸಲ ಒದ್ದಾಡಿದ್ದೇವೆ, ನೆನಪಿದೆಯೇ? ಬಂಪರ್ ಪೂರ್ತಿ ಪ್ಲಾಸ್ಟಿಕ್. ಕೆಳಗಿನ ಕೊಕ್ಕೆಗೆ ಕಟ್ಟಿದರೆ ಹಗ್ಗ ಬಂಪರಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಜಾಗ ಕಣ್ಣೆದುರಿಗೇ ಇತ್ತು. ಬಾನೆಟ್ ಎತ್ತಿದರೆ ಎರಡೂ ಅಂಚಿನಲ್ಲಿ ಮಡ್‌ಗಾರ್ಡ್ ತಗಡನ್ನು ಹಿಡಿದ ಬೋಲ್ಟುಗಳ ಸಾಲು ಇರುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೋಲ್ಟು ಬಿಚ್ಚಿ, ಅಲ್ಲಿಗೆ ಒಂದಂಗುಲ ಅಗಲದ ಪಟ್ಟಿಯ ಕುಣಿಕೆ ಇಟ್ಟು, ಮೇಲೊಂದು ಅಗಲ ವಾಷರ್ ಹಾಕಿ ಮತ್ತೆ ಬಿಗಿದುಬಿಟ್ಟರೆ ಆಯಿತು. ಬೇಕಾದಾಗ ಕುಣಿಕೆಗಳನ್ನು ಸಂದಿಯಿಂದ ಹೊರಗೆಳೆದು ಬಾನೆಟ್ ಮುಚ್ಚಿದರೆ ಕಾರಿಗೆ ಕರುವಿನಂತೆ ಎರಡು ಕಿವಿ. ಬೇಡವಾದಾಗ ಒಳಗೆ ಮಡಚಿಟ್ಟರೆ ಯಾರಿಗೂ ಕಾಣುವುದಿಲ್ಲ.

ಆದರೆ ಬೋಲ್ಟು ತೂರುವ ತೂತನ್ನು ಕತ್ತರಿಯಿಂದ ಮಾಡಬಾರದು. ಒಂದು ಎಳೆ ತುಂಡಾದರೆ ಪಕ್ಕದ್ದೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ನಾನು ದಪ್ಪ ಮೊಳೆಯೊಂದನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಪಟ್ಟಿಯ ಮೇಲೆ ನೇರವಾಗಿ ಇಳಿಸಿದೆ. ಸಣ್ಣ ಸದ್ದು, ಕಮಟು ಹೊಗೆ, ಮೊಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ತೆಗೆದು ನೋಡಿದರೆ ತೂತಿನ ಸುತ್ತ ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ಕಪ್ಪು ಮಣಿಯ ಹಾಗೆ ಗಟ್ಟಿ ಅಂಚು ಕಟ್ಟಿತ್ತು. ಉಗುರಿನಿಂದ ಕೆರೆದರೂ ಒಂದು ಎಳೆ ಮೇಲೇಳಲಿಲ್ಲ. ಆ ತೂತನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ.

ಪಟ್ಟಿ, ದಾರ ಎರಡನ್ನೂ ಗೋಣಿಕೊಪ್ಪಲಿನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿಯಿಂದ ತಂದೆ. ದಾರ ಪಾಲಿಯೆಸ್ಟರಿನದೇ ಆಗಿರಬೇಕು, ಹತ್ತಿಯ ದಾರ ನಮ್ಮ ಮಳೆಗಾಲದಲ್ಲಿ ಕೊಳೆತುಹೋಗುತ್ತದೆ. ಹೊಲಿಗೆಯೂ ಒಂದು ಗೆರೆ ಎಳೆದರೆ ಸಾಲದು. ಮೊದಲು ಚೌಕ, ಆಮೇಲೆ ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ. ಎಳೆತ ಒಂದೇ ಸಾಲಿನ ಮೇಲೆ ಬೀಳದೆ ಎಲ್ಲ ಹೊಲಿಗೆಗಳಿಗೂ ಹಂಚಿಹೋಗುತ್ತದೆ.

ದೋಣಿಯ ಹೊಟ್ಟೆಯ ಮೇಲೆ ಹಾಯುವ ಎರಡು ಪಟ್ಟಿಗಳಿಗೆ ಹಲ್ಲಿರುವ ಸಾದಾ ಬಕಲ್ ಹಾಕಿದ್ದೇನೆ. ಲಾರಿಯವರು ಬಳಸುವ ರ‍್ಯಾಚೆಟ್ ಬೇಡವೇ ಬೇಡ. ಅದರ ಹಿಡಿಯನ್ನು ನಾಲ್ಕು ಸಲ ಆಡಿಸಿದರೆ ಸಾಕು, ನಮ್ಮ ಪ್ಲಾಸ್ಟಿಕ್ ದೋಣಿಯ ಮೈ ಒಳಕ್ಕೆ ತಗ್ಗಿಬಿಡುತ್ತದೆ. ಪಟ್ಟಿ ಹಾಯಿಸುವಾಗ ಒಂದು ಸುತ್ತು ತಿರುಚಿ ಹಾಯಿಸು. ಚಪ್ಪಟೆಯಾಗಿ ಬಿಟ್ಟರೆ ಗಾಳಿಗೆ ಅದು ಕಂಪಿಸಿ ಕಾರಿನೊಳಗೆಲ್ಲ ತಂಬೂರಿ ಮೀಟಿದ ಹಾಗೆ ಗುಂಯ್‌ಗುಡುತ್ತದೆ. ಬರಪೊಳೆ ನದಿಗೆ ಹೋಗುವಾಗ ಆ ಸದ್ದಿಗೆ ನೀನು ಹಾಡುತ್ತಿದ್ದ ಹಾಡನ್ನು ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ಇನ್ನು ಮುಂದಿನ ಹಗ್ಗ. ಅದನ್ನು ಬಿಗಿಯುವ ಗಂಟನ್ನು ಕಲಿಸಿದವರು ಪಕ್ಕದ ತೋಟಕ್ಕೆ ಲೋಡ್ ಮಾಡಲು ಬಂದಿದ್ದ ಒಬ್ಬ ಹಿರಿಯರು. ಬೆಲೆ ಏರಲಿ ಎಂದು ಇಟ್ಟಿದ್ದ ಕಾಫಿ ಚೆರಿ, 50 ಕಿಲೋದ ಮೂಟೆಗಳು. ಟಾರ್ಪಾಲಿನ ಮೇಲೆ ಹಗ್ಗ ಎಸೆದು, ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿಸಿ ತಂದು, ಅದೇ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಜಗ್ಗಿದರು. ರಾಟೆಯದೇ ಲೆಕ್ಕ ಅದು. ಕಾಗದದ ಮೇಲೆ ನಮ್ಮ ಬಲ ಮೂರು ಪಟ್ಟು, ಉಜ್ಜಾಟದಲ್ಲಿ ಒಂದಷ್ಟು ಕಳೆದುಹೋದರೂ ಕೈಯ ಬಲಕ್ಕಿಂತ ಎಷ್ಟೋ ಹೆಚ್ಚು. ನಾನು ಎಂಟು ಹತ್ತು ಸಲ ತಪ್ಪಿದರೂ ಅವರು ಬೇಸರಿಸದೆ ಕೈ ಹಿಡಿದು ಕಲಿಸಿದರು.

ಹೊರಡುವ ಮುನ್ನ ನನ್ನ ಕೈಯಲ್ಲಿದ್ದ ಹಗ್ಗವನ್ನು ಮುಟ್ಟಿ ನೋಡಿ, "ಇದು ನೈಲಾನ್. ನೀರು ಕುಡಿದರೆ ಉದ್ದವಾಗುತ್ತದೆ. ಮಳೆಯಲ್ಲಿ ಕಟ್ಟಿದರೆ ಒಂದೆರಡು ಮೈಲಿ ಹೋಗಿ ಇಳಿದು ಮತ್ತೆ ಬಿಗಿಯಬೇಕು" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಆ ರಾತ್ರಿಯೇ ಅಟ್ಟ ಹತ್ತಿ ನಮ್ಮ ನೀಲಿ ನೈಲಾನ್ ಹಗ್ಗವನ್ನು ತೆಗೆದೆ. ಹೌದು, ಅದೇ ಹಗ್ಗ, ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ಅದರಿಂದ ಒಂದು ಮಾರು, ಹೊಸ ಪಾಲಿಯೆಸ್ಟರ್ ಪಟ್ಟಿಯಿಂದ ಒಂದು ಮಾರು ಬಕೆಟ್ಟಿನಲ್ಲಿ ನೆನೆಹಾಕಿ, ಬೆಳಿಗ್ಗೆ ಜಂತಿಗೆ ಕಟ್ಟಿ ಎರಡಕ್ಕೂ ಒಂದೇ ತೂಕದ ಮೂಟೆ ತೂಗುಬಿಟ್ಟೆ. ಪಟ್ಟಿ ಅಳ್ಳಾಡಲಿಲ್ಲ. ನೀಲಿ ಹಗ್ಗ ಮಧ್ಯಾಹ್ನದ ಹೊತ್ತಿಗೆ ಮೂರು ಬೆರಳು ಕೆಳಗಿತ್ತು. ಅದನ್ನು ನೋಡುತ್ತಾ ನಿಂತಿದ್ದೆ, ಅಮ್ಮ ಊಟಕ್ಕೆ ಎರಡು ಸಲ ಕರೆದರು.

ಮೂರು ವರ್ಷದ ಹಿಂದಿನ ಆ ಸಂಜೆಯ ಮಾತು ನಿನ್ನೊಡನೆ ಆಡಲೇಬೇಕು.

ನಿನ್ನ ಗಂಟು ಬಿಚ್ಚಿಕೊಂಡಿತು ಎಂದು ನೀನು ಇಂದಿಗೂ ನಂಬಿದ್ದೀಯ. ಎಡಗಡೆ ನಿನ್ನದು, ಬಲಗಡೆ ನನ್ನದು. ನೀನು ಕಟ್ಟಿ ಈಚೆಗೆ ಎಸೆಯುವುದು, ನಾನು ಎಳೆದು ಬಿಗಿಯುವುದು. "ಹಿಡಿದೆಯಾ?" "ಹಿಡಿದೆ." ಆ ದಿನವೂ ಹಾಗೆಯೇ ಹೊರಟೆವು. ಪೊನ್ನಂಪೇಟೆಯಿಂದಲೇ ಮಳೆ. ಮೂತಿಗೆ ಹಗ್ಗವೇ ಇರಲಿಲ್ಲ. ತಿತಿಮತಿ ದಾಟಿ ಕಾಡಿನ ರಸ್ತೆಯಲ್ಲಿ ದೋಣಿ ಜಾರಿ ಬಿತ್ತು. ಹಿಂದೆ ಬರುತ್ತಿದ್ದ ಬೈಕು ಕೆಸರಿಗೆ ಇಳಿದು ನಿಂತಿತು. ಗಂಡ, ಹೆಂಡತಿ, ನಡುವೆ ಮಗು. ಯಾರಿಗೂ ಏನೂ ಆಗಲಿಲ್ಲ. ಮಗುವಿನ ಒಂದು ಚಪ್ಪಲಿ ಮಾತ್ರ ರಸ್ತೆಯ ಮೇಲೆ ಬಿದ್ದಿತ್ತು. ನೀನು ಅದನ್ನು ಎತ್ತಿ, ನಿನ್ನ ಅಂಗಿಗೆ ಒರೆಸಿ, ಮಂಡಿಯೂರಿ ಆ ಮಗುವಿನ ಕಾಲಿಗೆ ಹಾಕಿದೆ. "ನನ್ನ ಗಂಟು ಬಿಚ್ಚಿತು, ತಪ್ಪು ನನ್ನದು" ಎಂದು ಅವರಿಗೆ ಕೈಮುಗಿದೆ.

ಅದಕ್ಕೆ ಸ್ವಲ್ಪ ಮೊದಲು ತಿತಿಮತಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೆವಲ್ಲ. ನೀನು ಲೋಟ ತರಲು ಹೋಗಿದ್ದಾಗ ನಾನು ಬಲಗಡೆಯ ಹಗ್ಗದ ಕೆಳಗೆ ಕೈ ಹಾಕಿ ನೋಡಿದೆ. ನಾಲ್ಕು ಬೆರಳು ಸಲೀಸಾಗಿ ಹೋದವು. ಸಡಿಲವಾಗಿದೆ ಎಂದು ನನಗೆ ಗೊತ್ತಾಯಿತು. ಮಳೆ ಹೊಡೆಯುತ್ತಿತ್ತು, ಇನ್ನೇನು ಹುಣಸೂರು ಬಂದೀತು ಎಂದುಕೊಂಡು ಒಳಗೆ ಕುಳಿತೆ. ನಾನೇ ಓಡಿಸುತ್ತಿದ್ದೆ, ನಿಧಾನವಾಗಿಯೂ ಓಡಿಸಲಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ಗಾಳಿ ಮೂತಿಯನ್ನು ಎತ್ತಿತು, ಸಡಿಲ ಹಗ್ಗದ ಕೆಳಗಿನಿಂದ ದೋಣಿ ನುಸುಳಿತು, ಬೀಳುವಾಗಿನ ಎಳೆತಕ್ಕೆ ನಿನ್ನ ಗಂಟು ಬಿಚ್ಚಿತು. ನೀನು ಕಂಡದ್ದು ಆ ಕೊನೆಯದನ್ನು ಮಾತ್ರ. ನೀನು ಕೈಮುಗಿದು ನಿಂತಿದ್ದಾಗ ನಾನು ಹಗ್ಗ ಸುತ್ತಿ ಡಿಕ್ಕಿಯಲ್ಲಿ ಹಾಕುತ್ತಿದ್ದೆ.

ನೈಲಾನಿನ ಗುಣ ಆಗ ಗೊತ್ತಿರಲಿಲ್ಲ ಎಂದು ಹೇಳಬಹುದು, ನಿಜವೂ ಹೌದು. ಆದರೆ ನಾಲ್ಕು ಬೆರಳು ಗೊತ್ತಿತ್ತು. ಆಮೇಲೆ ನೀನು ನಿನ್ನ ದೋಣಿ ಮಾರಿದೆ. ಮೊಣಕಾಲು ನೋವು ಎಂದೆ. ನಾನು ಎಣ್ಣೆಯ ಹೆಸರು ಹೇಳಿದೆ. ಮೊಣಕಾಲಲ್ಲ ಎಂದು ನನಗೆ ಗೊತ್ತಿತ್ತು, ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು.

ಪಟ್ಟಿಯ ವಿಷಯವಷ್ಟೇ ಬರೆಯಲು ಕುಳಿತದ್ದು. ಇಷ್ಟಾಯಿತು. ಅಳಿಸುವುದಿಲ್ಲ. ಗೆಳೆಯಾ, ಕ್ಷಮಿಸು.

ಇಲ್ಲಿ ಮಳೆ ಈಗ ಸ್ವಲ್ಪ ಬಿಡುವು ಕೊಟ್ಟಿದೆ. ನಿನ್ನೆ ಹೊಸ ಪಟ್ಟಿಗಳನ್ನು ಕಟ್ಟಿ ಗೋಣಿಕೊಪ್ಪಲಿನವರೆಗೆ ಹೋಗಿಬಂದೆ. ಎರಡು ಮೈಲಿಗೆ ಇಳಿದು ನೋಡಿದೆ, ಮತ್ತೆರಡು ಮೈಲಿಗೆ ಮತ್ತೆ. ಮುಂದಿನ ಹಗ್ಗದಿಂದ ಇನ್ನೊಂದು ಲಾಭವಿದೆ, ಅದು ಗಾಜಿನ ಎದುರಿಗೇ ಇರುತ್ತದೆ. ಸಡಿಲವಾದರೆ ಓಡಿಸುವವನಿಗೆ ಕುಳಿತಲ್ಲೇ ಕಾಣುತ್ತದೆ.

ಒಬ್ಬನೇ ಕಟ್ಟುವುದು ಕಷ್ಟ ಕಣೋ. ಈಚೆಯಿಂದ ಎಸೆದು, ಕಾರು ಸುತ್ತಿ ಆಚೆಗೆ ಹೋಗಿ ಹಿಡಿದು, ಮತ್ತೆ ಸುತ್ತಿ ಈಚೆಗೆ ಬರಬೇಕು. ಕರಿಯ ನಾಯಿಗೆ ಇದು ಆಟವೆನಿಸಿ ನನ್ನ ಹಿಂದೆಯೇ ಸುತ್ತುತ್ತದೆ.

ಬರಪೊಳೆಯಲ್ಲಿ ನೀರು ಸೆಪ್ಟೆಂಬರ್‌ವರೆಗೂ ಇರುತ್ತದೆ. ಕೈಲ್ ಪೊಳ್ದ್ ಹಬ್ಬಕ್ಕೆ ಬಾ, ಅಮ್ಮ ಅಕ್ಕಿಯ ಉಂಡೆ ಕಡಂಬುಟ್ಟು ಮಾಡುತ್ತಾರೆ. ನೀರಿಗೆ ಇಳಿಯಲೇಬೇಕೆಂದಿಲ್ಲ, ದಡದಲ್ಲಿ ಕೂರೋಣ. ಬರುವುದಾದರೆ ಎಡಗಡೆ ನಿನ್ನದೇ, ಯಾರಿಗೂ ಕೊಟ್ಟಿಲ್ಲ. ಸೌತೆಕಾಯಿಯನ್ನು ಈ ಸಲ ನಾನು ತರುತ್ತೇನೆ, ನೀನು ತರಬೇಡ. ಕಳೆದ ಸಲದ್ದು ನೆನಪಿದೆ ತಾನೇ?

ನಿನ್ನ,
ಬಲಗಡೆಯವನು