ಆ ಹೆಬ್ಬೆಟ್ಟು

ಹೊನ್ನಾವರ, ಭಾನುವಾರ

ಕೂಸೇ,

"ಅಜ್ಜಿ ಒಪ್ಪಿಗೆಯ ಹಾಳೆ ನೋಡಲೇ ಇಲ್ಲ ಅತ್ತೆ, ನನ್ನ ಮುಖ ನೋಡಿ ಹೆಬ್ಬೆಟ್ಟು ಒತ್ತಿದರು" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿರುವುದು ಹೊಸ ಔಷಧಿಯ ಪ್ರಯೋಗ, ಆ ರೋಗಿ ಅಜ್ಜಿ ಮಾಮೂಲಿ ಚಿಕಿತ್ಸೆ ಅಂದುಕೊಂಡರೋ ಏನೋ ಅನ್ನುವುದು ನಿನ್ನ ಭಯ. ಆ ಭಯ ಸರಿಯಾಗಿಯೇ ಇದೆ. ಸುಮ್ನೆ ಸಮಾಧಾನಕ್ಕೆ ಬೇರೆ ಹೇಳಲಾರೆ.

1976, ತುರ್ತು ಪರಿಸ್ಥಿತಿಯ ಕಾಲ. ನಾನು ನರ್ಸ್ ಆಗಿ ಎರಡೇ ವರ್ಷ. ಸಂತಾನಹರಣದ ಆಪರೇಷನ್ ಕ್ಯಾಂಪಿಗೆ ಇಷ್ಟು ಕೇಸ್ ಬರಲೇಬೇಕು ಅಂತ ಮೇಲಿನಿಂದ ಒತ್ತಡ. ಒಬ್ಬ ಮೀನುಗಾರ ಬಂದಿದ್ದ. ಬಲೆ ಎಳೆದೆಳೆದು ಅವನ ಹೆಬ್ಬೆರಳಿನ ಗೆರೆಯೆಲ್ಲ ಸವೆದಿತ್ತು, ಒತ್ತಿದರೆ ಬರೀ ನೀಲಿ ಕಲೆ. ನಾನೇ ಬೆರಳು ಹಿಡಿದು ಮೂರು ಸಲ ಒತ್ತಿಸಿದೆ. "ಅಮ್ಮ, ಇದಾದ ಮೇಲೆ ದೋಣಿಗೆ ಹೋಗಬಹುದಲ್ವಾ?" ಅಂದ. ಹೂಂ ಅಂದೆ. ಇನ್ನು ಮಕ್ಕಳಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತಾ? ಕೇಳಲಿಲ್ಲ. ಕೇಳಿದರೆ ಎದ್ದು ಹೋಗುತ್ತಾನೇನೋ ಅನ್ನುವ ಹೆದರಿಕೆ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ.

ಚೌತಿಗೆ ಬಂದಾಗ ನೀನು ಬಿಟ್ಟುಹೋದ ಪುಸ್ತಕ ಓದಿದೆ. ಬಯೋಎಥಿಕ್ಸ್, ಅಂದರೆ ವೈದ್ಯಕೀಯದಲ್ಲಿ, ಜೀವವಿಜ್ಞಾನದಲ್ಲಿ ಸರಿ ಯಾವುದು ತಪ್ಪು ಯಾವುದು ಅನ್ನುವ ವಿಚಾರ; ಆ ಹೆಸರನ್ನು ಪಾಟರ್ ಎಂಬ ಕ್ಯಾನ್ಸರ್ ಸಂಶೋಧಕರು ಬಳಕೆಗೆ ತಂದದ್ದು 1970ರಲ್ಲಿ. ನಾನು ಆ ಬೆರಳು ಹಿಡಿಯುವಾಗ ಹೆಸರಿಗೆ ಆರು ವರ್ಷ ಆಗಿತ್ತು, ನಮ್ಮ ವಾರ್ಡಿಗೆ ಮಾತ್ರ ಬಂದಿರಲಿಲ್ಲ. ಅಮೆರಿಕದ ಟಸ್ಕೀಗಿ ಅನ್ನುವ ಊರಿನ ಕತೆ ಓದುವಾಗ ಕೈ ನಡುಗಿತು. 1932ರಿಂದ 1972ರ ತನಕ ಅಮೆರಿಕದ ಸರ್ಕಾರಿ ವೈದ್ಯರೇ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ 399 ಕಪ್ಪು ಜನರಿಗೆ "ನಿಮ್ಮ ರಕ್ತ ಕೆಟ್ಟಿದೆ" ಅಂತಷ್ಟೇ ಹೇಳಿ, ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಏನು ಮಾಡುತ್ತದೆ ಅಂತ ನೋಡುತ್ತಾ ಕೂತರು. ಅಲ್ಲೂ ಒಬ್ಬಳು ನರ್ಸ್ ಇದ್ದಳು, ಯೂನಿಸ್ ರಿವರ್ಸ್. ತನ್ನ ಕಾರಿನಲ್ಲೇ ಅವರನ್ನು ತಪಾಸಣೆಗೆ ಕರೆದೊಯ್ಯುತ್ತಿದ್ದಳು. ಅವರು ನಂಬಿದ್ದು ಅವಳನ್ನು. ಅದೆಲ್ಲ ಬಯಲಾದ ಮೇಲೆಯೇ ಮನುಷ್ಯರ ಮೇಲೆ ಪ್ರಯೋಗ ಮಾಡುವಾಗ ಪಾಲಿಸಬೇಕಾದ ನೀತಿ ಹೇಳುವ 1979ರ ಬೆಲ್ಮಾಂಟ್ ವರದಿ ಬಂತು. ನಾನು ಆ ನರ್ಸಿನ ಪುಟದಲ್ಲೇ ನಿಂತುಬಿಟ್ಟೆ.

ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ನಾಳೆ ಅಜ್ಜಿ ಹತ್ತಿರ ಮತ್ತೆ ಕೂತುಕೋ. ಹಾಳೆ ಬೇಡ. "ಮನೆಗೆ ಹೋಗಿ ಸೊಸೆಗೆ ಏನಂತ ಹೇಳ್ತೀರಿ?" ಅಂತ ಕೇಳು. ಸರಿಯಾಗಿ ಹೇಳದಿದ್ದರೆ ಮೊದಲಿಂದ ತಿಳಿಸು. ಓದು ಬಾರದವರಿಗೆ ಹೊರಗಿನ ಸಾಕ್ಷಿ ಬೇಕು ಅನ್ನುವುದು ನಿನಗೆ ಗೊತ್ತೇ ಇದೆ. ಈಗಲೂ ಬೇಡ ಅನ್ನಬಹುದು, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ನೀನೇ ಬಾಯಿಬಿಟ್ಟು ಹೇಳು. ಮೇಲಿನವರು ಬೈದರೆ ಬೈಯಲಿ.

ಆ ಮೀನುಗಾರನ ಹೆಸರನ್ನು ರಿಜಿಸ್ಟರಿನಲ್ಲಿ ಬರೆದವಳು ನಾನೇ, ಈಗ ನೆನಪಿಲ್ಲ. ಆ ನೀಲಿ ಕಲೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಅಜ್ಜಿ ಏನಂದರು ಅಂತ ಬರೆ.

ನಿನ್ನ ಅತ್ತೆ