‘ಹೋಲ್ಡ್’ ಎಂದವರಿಗೆ

ಕಳೆದ ತಿಂಗಳ ಡ್ರಿಲ್ ವಾರಾಂತ್ಯದೊಂದಿಗೆ ಅಮೆರಿಕದ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿ ನನ್ನ 6 ವರ್ಷಗಳ ಅರೆಕಾಲಿಕ ಸೇವೆ ಮುಗಿಯಿತು. ಒಟ್ಟು 8 ವರ್ಷಗಳ ಬಾಧ್ಯತೆಯಲ್ಲಿ ಉಳಿದ ಎರಡು ವರ್ಷ ನನ್ನ ಹೆಸರು ಮೀಸಲು ಪಟ್ಟಿಯಲ್ಲಿ ಇರುತ್ತದೆಯಾದರೂ, ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಟ್ಟು ಹೊರಡುವ ದಿನಗಳು ಮುಗಿದವು. ಈ ಆರು ವರ್ಷ ನಾನು ಒಂದು ಫೀಲ್ಡ್ ಆರ್ಟಿಲರಿ ಬೆಟಾಲಿಯನ್‌ನಲ್ಲಿ ಫೈರ್ ಕಂಟ್ರೋಲ್ ಸ್ಪೆಷಲಿಸ್ಟ್ ಆಗಿದ್ದೆ. ಸೈನ್ಯದೊಳಗೆ ಈ ಕೆಲಸವನ್ನು 13ಜೆ ಎಂದು ಕರೆಯುತ್ತಾರೆ. ವಾರದ ದಿನಗಳಲ್ಲಿ ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞನಾಗಿ, ಡ್ರಿಲ್ ದಿನಗಳಲ್ಲಿ ಫಿರಂಗಿಗಳ ಲೆಕ್ಕಗಾರನಾಗಿ ಬದುಕಿದ ಈ ಕಾಲದ ಋಣವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಕೃತಜ್ಞತೆ ಯಾವುದಕ್ಕೆಂದು ತಿಳಿಯಬೇಕಾದರೆ ಕೆಲಸ ಎಂಥದೆಂದು ಹೇಳಬೇಕು. ಗುರಿಯನ್ನು ಕಣ್ಣಾರೆ ಕಾಣುವವರು ಮುಂದೆಲ್ಲೋ ಇರುವ ವೀಕ್ಷಕರು. ಗುಂಡು ಹಾರಿಸುವವರು ಎಷ್ಟೋ ಕಿಲೋಮೀಟರ್ ಹಿಂದಿರುವ ತೋಪಿನ ತಂಡದವರು. ಅವರಿಗೆ ಗುರಿ ಕಾಣುವುದಿಲ್ಲ. ಇವರಿಬ್ಬರ ನಡುವೆ ಡೇರೆಯಲ್ಲೋ ವಾಹನದಲ್ಲೋ ಕುಳಿತ ನಮ್ಮ ಫೈರ್ ಡೈರೆಕ್ಷನ್ ಸೆಂಟರ್, ವೀಕ್ಷಕರು ರೇಡಿಯೋದಲ್ಲಿ ಹೇಳಿದ ಸ್ಥಾನವನ್ನು ತೋಪಿಗೆ ಬೇಕಾದ ಕೋನಗಳಾಗಿ ಬದಲಿಸುತ್ತದೆ. ಗುರಿ ಎಲ್ಲಿದೆ, ತೋಪು ಎಲ್ಲಿದೆ, ಯಾವ ತೋಪು ಯಾವ ಮದ್ದುಗುಂಡು, ಗಾಳಿ ಮತ್ತು ತಾಪಮಾನ ಹೇಗಿದೆ, ಲೆಕ್ಕದ ಕ್ರಮ ಸರಿಯಿದೆಯೇ ಎಂಬ ಐದು ಅಂಶಗಳಲ್ಲಿ ಒಂದು ತಪ್ಪಿದರೂ ಉಳಿದ ನಾಲ್ಕರ ನಿಖರತೆ ವ್ಯರ್ಥ. ಮದ್ದಿನ ಬಿಸಿ, ನಳಿಗೆಯ ಸವೆತ, ತಿರುಗುತ್ತ ಹಾರುವ ಶೆಲ್ ಬಲಕ್ಕೆ ಸರಿಯುವುದು, ದೂರ ಹೆಚ್ಚಿದಾಗ ಭೂಮಿಯ ಭ್ರಮಣೆ ಕೂಡ ಈ ಲೆಕ್ಕದೊಳಗೆ ಬರುತ್ತವೆ. ಹೆಚ್ಚಿನ ಭಾಗವನ್ನು ಅಫಟಾಡ್ಸ್ ಎಂಬ ಗಣಕ ವ್ಯವಸ್ಥೆ ಮಾಡಿಕೊಡುತ್ತದೆ. ಆದರೆ ಅದಕ್ಕೆ ಅಂಕಿ ಕೊಡುವವರು ನಾವು. ಕೊಟ್ಟ ಅಂಕಿ ತಪ್ಪಾಗಿದ್ದರೆ ಅದು ತಪ್ಪು ಜಾಗಕ್ಕೆ ಅತ್ಯಂತ ಕರಾರುವಾಕ್ಕಾದ ಉತ್ತರವನ್ನು ಕೊಡುತ್ತದೆ.

ನನ್ನ ನಾಲ್ಕನೆಯ ವರ್ಷದ ವಾರ್ಷಿಕ ತರಬೇತಿಯಲ್ಲಿ, ಸರಿಯಾಗಿ ನಿದ್ದೆಯಿಲ್ಲದ ಮೂರನೆಯ ಬೆಳಗಿನ ಜಾವ, ವೀಕ್ಷಕರಿಂದ ಎಂಟು ಅಂಕಿಯ ಗ್ರಿಡ್, ಅಂದರೆ ನಕ್ಷೆಯ ಮೇಲೆ ಗುರಿಯ ಸ್ಥಾನ ಹೇಳುವ ಸಂಖ್ಯೆ, ಬಂತು. ಪೂರ್ವದ ಕಡೆಗಿನ ದೂರ ಹೇಳುವ ಮೊದಲ ನಾಲ್ಕು ಅಂಕಿ 3147. ನಾನು ಅದನ್ನು ಕೇಳಿದೆ, ಗಟ್ಟಿಯಾಗಿ ಮರುಉಚ್ಚರಿಸಿದೆ, ಆದರೆ ಒತ್ತಿದ್ದು 3174. ಎಂಟು ಅಂಕಿಯ ಗ್ರಿಡ್‌ನಲ್ಲಿ ಈ ನಾಲ್ಕರ ಕೊನೆಯ ಅಂಕಿಯ ಒಂದೊಂದು ಹೆಜ್ಜೆಯೂ ಹತ್ತು ಮೀಟರ್. ಹಾಗಾಗಿ ನನ್ನ ಬೆರಳಿನ ಆ ಅದಲುಬದಲು ಗುರಿಯನ್ನು ಪೂರ್ವಕ್ಕೆ 270 ಮೀಟರ್ ಸರಿಸಿತು. ಯಂತ್ರ ಏನನ್ನೂ ಆಕ್ಷೇಪಿಸದೆ ಉತ್ತರ ಕೊಟ್ಟಿತು, ನಾನು ಅದನ್ನು ಓದಿ ಹೇಳಿದೆ.

ನನ್ನ ಬೆನ್ನ ಹಿಂದೆ, ಕಾಗದದ ಚಾರ್ಟ್ ಮೇಲೆ ಸೂಜಿ ಚುಚ್ಚಿ ಕೈಲೆಕ್ಕದಲ್ಲಿ ನನ್ನ ಉತ್ತರವನ್ನು ಪರಿಶೀಲಿಸುತ್ತಿದ್ದವರು ನಮ್ಮ ಘಟಕಕ್ಕೆ ಬಂದು ನಾಲ್ಕು ತಿಂಗಳಷ್ಟೇ ಆಗಿದ್ದ, ಸೈನ್ಯದ ಅತಿ ಕೆಳಗಿನ ದರ್ಜೆಯ ಪ್ರೈವೇಟ್. ಎರಡು ಲೆಕ್ಕ ಒಂದಕ್ಕೊಂದು ಹೊಂದಿದರೆ ‘ಚೆಕ್’ ಎನ್ನಬೇಕು, ಹೊಂದದಿದ್ದರೆ ‘ಹೋಲ್ಡ್’ ಎನ್ನಬೇಕು. ಚಾರ್ಟ್‌ನಿಂದ ಚಾರ್ಟ್‌ಗೆ ಹೋಲಿಸುವಾಗ ದಿಕ್ಕಿನಲ್ಲಿ ನಮಗಿರುವ ರಿಯಾಯಿತಿ ಮೂರು ಮಿಲ್. ಇಡೀ ವೃತ್ತವನ್ನು 6400 ಭಾಗ ಮಾಡಿದರೆ ಒಂದು ಭಾಗ ಒಂದು ಮಿಲ್. ಸಾವಿರ ಮೀಟರ್ ದೂರದಲ್ಲಿ ಅದು ಸುಮಾರು ಒಂದು ಮೀಟರ್ ಅಗಲ. ಅಂದು ಗುರಿ ನಮ್ಮಿಂದ ಉತ್ತರಕ್ಕೆ ಒಂಬತ್ತು ಕಿಲೋಮೀಟರ್ ಆಚೆ ಇದ್ದುದರಿಂದ ಅವರ ಅಂಕಿಗೂ ನನ್ನದಕ್ಕೂ ಬಂದ ವ್ಯತ್ಯಾಸ ಸುಮಾರು 30 ಮಿಲ್. ಅವರಿಗಿಂತ ಮೇಲಿನ ದರ್ಜೆಯವನು ನಾನು, ಪಳಗಿದವನೆಂಬ ಹೆಸರೂ ಇತ್ತು, ಎಲ್ಲರೂ ವೇಗದ ಒತ್ತಡದಲ್ಲಿದ್ದರು. ತನ್ನ ಸೂಜಿಯೇ ತಪ್ಪಿರಬೇಕೆಂದು ಅವರು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಡೇರೆಯ ತುಂಬ ಕೇಳುವಂತೆ ‘ಹೋಲ್ಡ್’ ಎಂದರು.

ಆ 270 ಮೀಟರ್ ಅಂದು ತರಬೇತಿ ಮೈದಾನದ ಸುರಕ್ಷಿತ ಗಡಿಯೊಳಗೇ ಇತ್ತು, ಮೊದಲ ಗುಂಡು ಬಿದ್ದ ಮೇಲೆ ವೀಕ್ಷಕರು ತಿದ್ದಿಯೂ ತಿದ್ದುತ್ತಿದ್ದರು ಎಂಬುದು ನಿಜ. ಆದರೂ ಆ ಪದ ಕೇಳಿದಾಗ ಹೊಟ್ಟೆಯಲ್ಲಿ ಎದ್ದ ಚಳಿಯನ್ನು ನಾನು ಮರೆಯಲಾರೆ; 40 ಕಿಲೋಗೂ ಮಿಕ್ಕಿ ತೂಗುವ ಒಂದು ಶೆಲ್ ನಳಿಗೆ ಬಿಟ್ಟ ಮೇಲೆ ಅದನ್ನು ಹಿಂದಕ್ಕೆ ಕರೆಯುವ ಪದ ಯಾವ ಭಾಷೆಯಲ್ಲಿಯೂ ಇಲ್ಲ. ಆ ಪ್ರೈವೇಟ್‌ಗೆ ನನ್ನ ಮೊದಲ ಕೃತಜ್ಞತೆ. ಎರಡನೆಯದು ನಮ್ಮ ವಿಭಾಗದ ಸಾರ್ಜೆಂಟ್‌ಗೆ. ಅವರು ಗದರಲಿಲ್ಲ, ಯಾರ ತಪ್ಪೆಂದು ಕೇಳಲಿಲ್ಲ. ಗ್ರಿಡ್ ಅನ್ನು ಮೊದಲಿನಿಂದ ಓದಿ ಎಂದಷ್ಟೇ ಹೇಳಿದರು. ನಾನು ಓದಿದೆ, ತಿದ್ದಿದೆ, ‘ಚೆಕ್’ ಬಂತು, ಗುಂಡು ಹೊರಟಿತು. ಕಿರಿಯರು ಹಿರಿಯರನ್ನು ತಡೆಯಬಲ್ಲ ಇಂಥ ವಾತಾವರಣ ತಾನಾಗಿ ಹುಟ್ಟುವುದಿಲ್ಲ, ಅದನ್ನು ಒಬ್ಬರು ವರ್ಷಗಟ್ಟಲೆ ಕಾಯ್ದುಕೊಂಡು ಬರಬೇಕಾಗುತ್ತದೆ.

ಅರೆಕಾಲಿಕ ಸೈನಿಕನ ದೊಡ್ಡ ಶತ್ರು ಮರೆವು. ಒಂದು ಡ್ರಿಲ್‌ಗೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ವಾರ ಕೈಗೆ ಚಾರ್ಟ್ ಸಿಗುವುದಿಲ್ಲ, ಕಣ್ಣಿಗೆ ಪರದೆ ಬೀಳುವುದಿಲ್ಲ. ಒಕ್ಲಹೋಮದ ಫೋರ್ಟ್ ಸಿಲ್‌ನಲ್ಲಿ ವಾರಗಟ್ಟಲೆ ಕಲಿತದ್ದು ಬೆರಳ ತುದಿಯಿಂದ ಮೆಲ್ಲನೆ ಜಾರುತ್ತದೆ. ಪೂರ್ಣಾವಧಿ ಸೈನಿಕರಿಗೆ ಅಭ್ಯಾಸ ದಿನಚರಿಯಾದರೆ ನಮಗೆ ಅದು ಕದ್ದು ಕೂಡಿಟ್ಟ ಸಮಯ. ನನಗೆ ಆ ಸಮಯ ಕೊಟ್ಟವಳು ನನ್ನ ಹೆಂಡತಿ. ಪ್ರತಿ ಡ್ರಿಲ್‌ಗೆ ಮುಂಚಿನ ವಾರ, ಮಗು ಮಲಗಿದ ಮೇಲೆ, ಅವಳು ಊಟದ ಮೇಜಿನ ಆಚೆ ಬದಿ ಕುಳಿತು ಒಂದು ನೋಟ್‌ಪುಸ್ತಕದಲ್ಲಿ ತಾನೇ ಕಲ್ಪಿಸಿ ಬರೆದ ಗ್ರಿಡ್‌ಗಳನ್ನು ವೀಕ್ಷಕರ ಹಾಗೆ ಒಂದೊಂದೇ ಅಂಕಿಯಾಗಿ ಓದುತ್ತಿದ್ದಳು, ನಾನು ಕಾಗದದ ಮೇಲೆ ಗುರುತಿಸಿ ದೂರ ಮತ್ತು ದಿಕ್ಕನ್ನು ಹೇಳುತ್ತಿದ್ದೆ. ಫಿರಂಗಿಯ ಬಗ್ಗೆ ಅವಳಿಗೆ ಒಲವೇನೂ ಇರಲಿಲ್ಲ. ನಾನು ತಪ್ಪಬಾರದೆಂಬುದು ಮಾತ್ರ ಅವಳಿಗೆ ಮುಖ್ಯವಾಗಿತ್ತು, ಅಷ್ಟಕ್ಕಾಗಿ ಅವಳು ಆರು ವರ್ಷ ಓದಿದಳು.

ಪ್ರಯೋಗಾಲಯದ ಸಹೋದ್ಯೋಗಿಗಳಿಗೂ ನಾನು ಋಣಿ. ಸೇನಾ ಕರ್ತವ್ಯಕ್ಕೆ ಹೋದವರ ಉದ್ಯೋಗವನ್ನು 1994ರ ಫೆಡರಲ್ ಕಾನೂನು ರಕ್ಷಿಸುತ್ತದೆ. ನನ್ನ ಜಾಗ ನನಗೇ ಉಳಿಯಿತು. ಆದರೆ ನಾನಿಲ್ಲದ ಶನಿವಾರದ ರಾತ್ರಿ ಪಾಳಿಯನ್ನು ಕಾನೂನು ಬಂದು ಮಾಡುವುದಿಲ್ಲ, ಅದನ್ನು ಮಾಡಿದವರು ಇವರು. ಅವರಲ್ಲಿ ಒಬ್ಬರು ತಮ್ಮ ಮಗಳ ಹುಟ್ಟುಹಬ್ಬದ ದಿನ ನನ್ನ ಪಾಳಿ ನಿಂತರೆಂಬುದು ನನಗೆ ಗೊತ್ತಾದದ್ದು ಒಂದು ವರ್ಷದ ನಂತರ. ಡ್ರಿಲ್‌ಗಳ ನಡುವೆ ಉಪಕರಣಗಳನ್ನು ಸುಸ್ಥಿತಿಯಲ್ಲಿಟ್ಟ ಘಟಕದ ಪೂರ್ಣಾವಧಿ ಸಿಬ್ಬಂದಿಗೆ, ನಾವು ಹೇಳಿದ ಅಂಕಿಯನ್ನು ನಂಬಿ ಮಳೆಯಲ್ಲಿ ತೋಪು ತಿರುಗಿಸಿದ ತಂಡಗಳಿಗೆ ವಂದನೆಗಳು.

ನಾನು ಯುದ್ಧಕ್ಕೆ ಹೋಗಲಿಲ್ಲ. ನನ್ನ ಲೆಕ್ಕದ ಗುಂಡುಗಳೆಲ್ಲ ಖಾಲಿ ಬಯಲಿಗೇ ಬಿದ್ದವು. ಅದಕ್ಕೂ ನಾನು ಕೃತಜ್ಞ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಕೊನೆಯ ಡ್ರಿಲ್‌ನ ಭಾನುವಾರ ಸಂಜೆ ಸಾಮಗ್ರಿಯನ್ನೆಲ್ಲ ಹಿಂತಿರುಗಿಸಿದ ಮೇಲೆ ಆ ಪ್ರೈವೇಟ್, ಈಗ ನನ್ನ ಆಸನದಲ್ಲಿ ಕೂರುವ ಸ್ಪೆಷಲಿಸ್ಟ್, ನನ್ನ ಹೆಂಡತಿಯ ನೋಟ್‌ಪುಸ್ತಕವನ್ನು ಹೊಸಬರ ಅಭ್ಯಾಸಕ್ಕೆ ಕೇಳಿದರು. ಅವಳನ್ನು ಕೇಳಿ ಕೊಟ್ಟೆ. ಗ್ರಿಡ್‌ಗಳು ಅವಳ ಕೈಬರಹದಲ್ಲಿವೆ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನನ್ನ ಉತ್ತರಗಳಿವೆ. ಮೊನ್ನೆ ಅವರಿಂದ ಒಂದು ಸಂದೇಶ ಬಂತು: ಹನ್ನೊಂದನೆಯ ಪುಟದ ಒಂದು ಉತ್ತರ ತಮ್ಮದರೊಂದಿಗೆ ಹೊಂದುತ್ತಿಲ್ಲವಂತೆ. ರಾತ್ರಿ ಕುಳಿತು ಮತ್ತೆ ಲೆಕ್ಕ ಹಾಕಿದೆ. ಅವರದೇ ಸರಿ.